ಮೊಲಕ್ಕೆ ಹಿಂಡಿ: ಯಾವುದು ಮೇವು, ಯಾವುದು ವಿಷ?

ನಮ್ಮ ಸದಸ್ಯರಲ್ಲಿ ಕೆಲವರು ಉಪಕಸುಬಾಗಿ ಮೊಲ ಸಾಕುತ್ತಿದ್ದಾರೆ. ಮನೆಯಲ್ಲಿರುವ ಹಿಂಡಿಯನ್ನು ಅದಕ್ಕೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ಉತ್ತರವನ್ನು ನಾನು ನಷ್ಟಪಟ್ಟು ಕಲಿತೆ. ಒಂದು ಆಷಾಢದಲ್ಲಿ, ನೆಲದ ಮೇಲಿಟ್ಟಿದ್ದ ಕಡಲೆಕಾಯಿ ಹಿಂಡಿಯ ಬೂಷ್ಟು ಕೆರೆದು, ಬಿಸಿ ಮಾಡಿ ಹಾಕಿಸಿದೆ. ಹತ್ತು ದಿನದೊಳಗೆ ಗಬ್ಬದವೂ ಸೇರಿ ಒಂಬತ್ತು ಮೊಲ ಸತ್ತವು. ಪಶುವೈದ್ಯರು ಕೊಯ್ದು, ಕೆಟ್ಟಿದ್ದ ಪಿತ್ತಜನಕಾಂಗವನ್ನು ತೋರಿಸಿದರು.

ಬೂಷ್ಟು ಬಿಡುವ ಈ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ, ಕಡಲೆಕಾಯಿ ಹಿಂಡಿಯಲ್ಲಿ ಇದು ಪತ್ತೆಯಾಯಿತು. ದನಕ್ಕಿಂತ ಮೊಲಕ್ಕೆ ಇದು ಬಹುಬೇಗ ತಾಗುತ್ತದೆ. ಬೂಷ್ಟು ಕೆರೆದರೂ, ಬಿಸಿಲಿಗೆ ಹಾಕಿದರೂ, ಬೇಯಿಸಿದರೂ ವಿಷ ಉಳಿಯುತ್ತದೆ. ಅಂಥ ಹಿಂಡಿಯನ್ನು ಹಾಲು ಕೊಡುವ ಹಸುವಿಗೂ ಹಾಕಬಾರದು. ವಿಷದ ಅಂಶ ಹಾಲಿಗೂ ಬರುತ್ತದೆ. ಅದರ ಜಾಗ ಗೊಬ್ಬರದ ಗುಂಡಿ.

ಎರಡನೆಯ ಅಪಾಯ ಗೊಬ್ಬರದ ಹಿಂಡಿಗಳದು. ತೋಟಕ್ಕೆ ತಂದ ಹರಳು, ಹೊಂಗೆ, ಬೇವಿನ ಹಿಂಡಿಗಳು ಮೊಲದ ಮೇವಲ್ಲ. ಹರಳಿನ ರಿಸಿನ್ ಎಂಬ ಘೋರ ವಿಷ ಎಣ್ಣೆಯೊಡನೆ ಹೋಗದೆ ಹಿಂಡಿಯಲ್ಲೇ ಉಳಿಯುತ್ತದೆ. ಹತ್ತಿಬೀಜದ ಹಿಂಡಿಯನ್ನು ದನ ತಿನ್ನುತ್ತದಲ್ಲ ಎನ್ನಬಹುದು. ಅದರಲ್ಲಿರುವ ಗಾಸಿಪಾಲನ್ನು ದನದ ಮೊದಲ ಹೊಟ್ಟೆ ಬಹುಮಟ್ಟಿಗೆ ತಡೆಯುತ್ತದೆ. ಮೊಲ ಮೆಲುಕು ಹಾಕುವ ಪ್ರಾಣಿಯಲ್ಲ. ತಿಂದದ್ದನ್ನು ವಾಂತಿ ಮಾಡಲೂ ಅದಕ್ಕೆ ಬಾರದು.

ಹಾಗಾದರೆ ಕೊಡಬಹುದಾದದ್ದು ಯಾವುದು? ಹೊಸದಾದ, ಒಣಗಿದ, ಕಮಟು ವಾಸನೆಯಿಲ್ಲದ ಕಡಲೆಕಾಯಿ, ಎಳ್ಳು ಅಥವಾ ಕೊಬ್ಬರಿ ಹಿಂಡಿ. ಅದೂ ಹಿತಮಿತವಾಗಿ. ಮುಸುಕಿನ ಜೋಳ, ಗೋಧಿ ಬೂಸಾ ಮುಂತಾದವು ಸೇರಿದ 100 ಕಿಲೋ ಮಿಶ್ರಣದಲ್ಲಿ ಹಿಂಡಿ 15ರಿಂದ 20 ಕಿಲೋ ಸಾಕು. ಬೆಳೆದ ಮೊಲಕ್ಕೆ ದಿನಕ್ಕೆ ಸುಮಾರು 100 ಗ್ರಾಂ ಮಿಶ್ರಣ, ಜೊತೆಗೆ ಹುಲ್ಲು ಬೇಕಾದಷ್ಟು. ನಾರು ಕಡಿಮೆಯಾದರೆ ಮೊಲಕ್ಕೆ ಭೇದಿ ಹಿಡಿಯುತ್ತದೆ.

ಆದ್ದರಿಂದ ಸದಸ್ಯರು ಇಷ್ಟು ಪಾಲಿಸಬೇಕು:

1. ಮಳೆಗಾಲದಲ್ಲಿ ಹದಿನೈದು ದಿನಕ್ಕಾಗುವಷ್ಟೇ ಹಿಂಡಿ ತನ್ನಿ.
2. ಚೀಲವನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ.
3. ಗೊಬ್ಬರದ ಹಿಂಡಿಯನ್ನು ಬೇರೆ ಕೋಣೆಯಲ್ಲಿಟ್ಟು ಚೀಲಕ್ಕೆ ಕೆಂಪು ಗುರುತು ಹಾಕಿ. ಅಳೆಯುವ ಡಬ್ಬವೂ ಬೇರೆ ಇರಲಿ.
4. ಮೊಲ ಮೇವು ಬಿಟ್ಟು ಮಂಕಾದರೆ ಹಿಂಡಿಯನ್ನು ಆ ಕೂಡಲೇ ನಿಲ್ಲಿಸಿ, ಪಶುವೈದ್ಯರಿಗೆ ತಿಳಿಸಿ.

ನಾನು ಅಂದು ಉಳಿಸಲು ಹೊರಟದ್ದು ಅರ್ಧ ಚೀಲ ಹಿಂಡಿ. ಸಂದೇಹವಿದ್ದರೆ ಎಸೆಯುವುದೇ ಲಾಭ.