ಹೆಜ್ಜಾರ್ಲೆ ಕೂತ ಮರದ ಲೆಕ್ಕ

ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೆ ಮರದ ಮೇಲೆ ಹೆಜ್ಜಾರ್ಲೆ (ಪೆಲಿಕನ್) ಗೂಡು ಕಟ್ಟಿತೆಂದರೆ ಆ ವರ್ಷ ಆ ಮರದ ಹಣ್ಣಿನ ಆಸೆ ಬಿಟ್ಟ ಹಾಗೆ. ಹಣ್ಣು ಬಡಿಯುವ ಕಾಲವೂ ಹಕ್ಕಿ ಮರಿ ಮಾಡುವ ಕಾಲವೂ ಒಂದೇ. ಗಳ ಹಿಡಿದು ಬಡಿದರೆ ಮರಿ ಬೀಳುತ್ತದೆ, ಬಡಿಯದಿದ್ದರೆ ಹಣ್ಣು ಹಿಕ್ಕೆಯಲ್ಲಿ ಮುಳುಗಿ ಯಾವುದಕ್ಕೂ ಬಾರದೆ ಹೋಗುತ್ತದೆ. ಈ ಹಕ್ಕಿಗಳನ್ನು ಊರಿನವರು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅನ್ನುತ್ತಾರೆ. ಮಾತು ಚೆಂದ. ಆದರೆ ಬಾಣಂತನಕ್ಕೂ ಖರ್ಚಿದೆಯಲ್ಲ! 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಈ ಊರನ್ನು ಹೊರಗಿನವರ ಕಣ್ಣಿಗೆ ಬೀಳಿಸಿದ ಮೇಲೆ, ಗೂಡಿರುವ ಮರದ ಒಡೆಯರಿಗೆ ಇಲಾಖೆಯಿಂದ ಇಷ್ಟೆಂದು ಪರಿಹಾರ ಕೊಡುವ ಪದ್ಧತಿ ಬಂತು. ಆ ಹಣ ಯಾತಕ್ಕೂ ಸಾಲದು ಎಂಬ ಗೊಣಗಾಟ ಇದ್ದೇ ಇದೆ. ಆದರೂ ಅದರಲ್ಲಿ ಒಂದು ನ್ಯಾಯವಿದೆ: ಹಕ್ಕಿ ಉಳಿಯುವುದು ಎಲ್ಲರಿಗೂ ಬೇಕಾದರೆ ಮರದವನೊಬ್ಬನೇ ಯಾಕೆ ಕಳೆದುಕೊಳ್ಳಬೇಕು?

ಅದೇ ಮರಗಳ ಕೆಳಗೆ ನಿಂತು ಮಕ್ಕಳಿಗೆ ಹಕ್ಕಿ ತೋರಿಸುತ್ತಿದ್ದ ನನಗೆ ಈ ನ್ಯಾಯ ನನ್ನ ಪಾಲಿಗೂ ಸಲ್ಲುತ್ತದೆ ಅಂತ ಹೊಳೆಯಲು ಏಳೆಂಟು ವರ್ಷ ಹಿಡಿಯಿತು.

ನಮ್ಮದು ಮದ್ದೂರು–ಮಳವಳ್ಳಿ ರಸ್ತೆಯ ಒಂದು ಹಳ್ಳಿ. ನಾಲೆ ನೀರಿನ ಒಂದೂವರೆ ಎಕರೆ, ಕಬ್ಬು, ಮನೆ ಖರ್ಚಿಗೆ ಎರಡು ಹಸು. ಮಂಡ್ಯದಲ್ಲಿ ಬಿ.ಎಸ್ಸಿ. ಮುಗಿಸಿ 2010ರಲ್ಲಿ ಒಂದು ಸಂಸ್ಥೆಯ ಪರಿಸರ ಶಿಕ್ಷಣ ಯೋಜನೆಗೆ ಸೇರಿದೆ. ಸಂಬಳ 8,500 ರೂಪಾಯಿ. ಅವ್ವ ಕೇಳಿದ್ದು ಒಂದೇ ಮಾತು: "ಹಕ್ಕಿ ತೋರ್ಸದ್ಕೆ ಯಾರ್ಲಾ ಕಾಸ್ ಕೊಟ್ಟಾರು?" ನಾನು ನಕ್ಕೆ. ಮೂರು ವರ್ಷಕ್ಕೆ ಯೋಜನೆಯ ಅನುದಾನ ಮುಗಿಯಿತು, ಕೆಲಸವೂ ಮುಗಿಯಿತು. ಅವ್ವ ನಗಲಿಲ್ಲ, ಅದೇ ದೊಡ್ಡದು.

ಈ ಕ್ಷೇತ್ರಕ್ಕೆ ಬರುವ ಹುಡುಗ–ಹುಡುಗಿಯರು ಮೊದಲು ಅರಿಯಬೇಕಾದದ್ದು ಇದನ್ನೇ. ನಮ್ಮಲ್ಲಿ ಕೆಲಸ ಹುಟ್ಟುವುದು ಯೋಜನೆಯ ಲೆಕ್ಕದಲ್ಲಿ, ಸಾಯುವುದೂ ಅದೇ ಲೆಕ್ಕದಲ್ಲಿ. ಪರ್ಮನೆಂಟ್ ಬೇಕೇ ಬೇಕು ಅನ್ನುವವರಿಗೆ ಅರಣ್ಯ ಇಲಾಖೆಯಿದೆ. ಪಿಯುಸಿ ಆದವರಿಗೆ ಗಸ್ತು ಅರಣ್ಯ ಪಾಲಕ, ಪದವಿ ಆದವರಿಗೆ ಅದರ ಮೇಲಿನ ಹುದ್ದೆಗಳು. ಶಿರಸಿ, ಪೊನ್ನಂಪೇಟೆಗಳಲ್ಲಿ ಅರಣ್ಯ ವಿಜ್ಞಾನದ ಪದವಿಯಿದೆ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ವಿಜ್ಞಾನದ ಎಂ.ಎಸ್ಸಿ. ಇದೆ, ಸೀಟು ಬೆರಳೆಣಿಕೆಯಷ್ಟು. ಸರ್ಕಾರಿ ರೆಸಾರ್ಟ್ ಸಂಸ್ಥೆ ಜಂಗಲ್ ಲಾಡ್ಜಸ್‌ನಂಥ ಕಡೆ ನ್ಯಾಚುರಲಿಸ್ಟ್ ಆಗಬಹುದು. ಆದರೆ ನೇಮಕಾತಿ ಪ್ರಕಟಣೆಗೆ ಕಾಯುತ್ತ ವಯಸ್ಸು ಮೀರಿಸಿಕೊಂಡವರು ನನ್ನ ಗೆಳೆಯರಲ್ಲೇ ಮೂವರಿದ್ದಾರೆ. ಉಳಿದದ್ದು ನನ್ನಂಥವರ ದಾರಿ: ಶಾಲೆಗಳಿಗೆ ಶಿಬಿರ, ವಾರಾಂತ್ಯಕ್ಕೆ ಪಕ್ಷಿವೀಕ್ಷಣೆ, ಸಂಸ್ಥೆಗಳಿಗೆ ತರಬೇತಿ, ಅಲ್ಲಿಷ್ಟು ಇಲ್ಲಿಷ್ಟು.

ಪರಿಸರ ಶಿಕ್ಷಣಕ್ಕೆ ಬೇಡಿಕೆಯೇ ಇಲ್ಲ ಅನ್ನುವಂತಿಲ್ಲ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಾಲೆ–ಕಾಲೇಜುಗಳಲ್ಲಿ ಪರಿಸರ ಪಾಠ ಕಡ್ಡಾಯವಾಗಬೇಕು ಅಂದದ್ದು 1991ರಲ್ಲಿ. ಶಾಲೆಗಳಲ್ಲಿ ಇಕೋ ಕ್ಲಬ್ ಬಂತು, ಮಕ್ಕಳನ್ನು ಕಾಡಿಗೆ ಕರೆದೊಯ್ಯುವ 'ಚಿಣ್ಣರ ವನ ದರ್ಶನ' ಬಂತು. ಜಾಗಗಳಿಗಂತೂ ಬರವಿಲ್ಲ. ಇತ್ತ ಬೆಳ್ಳೂರು, ಅತ್ತ ರಂಗನತಿಟ್ಟು, ಮಳವಳ್ಳಿ ದಾಟಿದರೆ ಶಿವನಸಮುದ್ರ, ಮುತ್ತತ್ತಿ, ಭೀಮೇಶ್ವರಿ, ಕಾವೇರಿ ವನ್ಯಧಾಮ. ಕೆಲಸವುಂಟು, ಜಾಗವುಂಟು. ಕೂಲಿ ಎಷ್ಟು ಎಂಬಲ್ಲಿಗೆ ಬಂದಾಗ ಮಾತ್ರ ಎಲ್ಲರೂ ಮರದ ತುದಿ ನೋಡುತ್ತಾರೆ.

ನನ್ನ ಕೂಲಿ ಈಗ ಸರಾಸರಿ ದಿನಕ್ಕೆ 2,800 ರೂಪಾಯಿ. ಕೇಳಿದವರು ಅದನ್ನು ಮೂವತ್ತರಿಂದ ಗುಣಿಸಿ, "ತಿಂಗಳಿಗೆ 84 ಸಾವಿರ! ನೀನೇ ಪುಣ್ಯವಂತ ಬಿಡಪ್ಪ" ಅನ್ನುತ್ತಾರೆ. ನಾನೂ ಮೊದಲ ಎರಡು ವರ್ಷ ಹಾಗೆಯೇ ಗುಣಿಸಿಕೊಂಡು ಹಿಗ್ಗಿದ್ದೆ. ಒಂದು ದಿನ ಡೈರಿ ತೆಗೆದು ಕೆಲಸವಿದ್ದ ದಿನಗಳಿಗೆ ಮಾತ್ರ ಗುರುತು ಹಾಕುತ್ತ ಹೋದೆ. ಡಿಸೆಂಬರಿನಿಂದ ಮಾರ್ಚಿವರೆಗೆ ಪುಟ ತುಂಬ ಗುರುತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಖಾಲಿ ಹಾಳೆ. ಮಳೆ, ಶಾಲೆ ಶುರು, ಪರೀಕ್ಷೆ, ಬೆಳ್ಳೂರಿನ ಹಕ್ಕಿ ಮರಿ ಕಟ್ಟಿಕೊಂಡು ಹೋಗಿರುತ್ತದೆ. 2023–24ರಲ್ಲಿ ನನಗೆ ಸಿಕ್ಕಿದ್ದು 124 ದಿನ. ಬಂದದ್ದು 3,47,200. ಅದರಲ್ಲಿ ಪೆಟ್ರೋಲಿಗೆ 38,000, ಚಿತ್ರಪಟ–ಮುದ್ರಣ–ಬೈನಾಕ್ಯುಲರ್ ರಿಪೇರಿಗೆ 22,000, ವಿಮೆಗೆ 19,000 ಹೋಯಿತು. ಉಳಿದದ್ದನ್ನು ಹನ್ನೆರಡಕ್ಕೆ ಹಂಚಿದರೆ ತಿಂಗಳಿಗೆ 22,350. ಇದು ನನ್ನ ನಿಜವಾದ ಸಂಬಳ. ದಿನದ ಕೂಲಿಯನ್ನು ಮೂವತ್ತರಿಂದ ಗುಣಿಸಿಕೊಂಡು ಬದುಕಿದ್ದರಿಂದಲೇ 2015ರ ಆಗಸ್ಟ್‌ನಲ್ಲಿ ಅವ್ವನ ಎರಡು ಬಳೆ ಅಡವಿಗೆ ಹೋದವು.

ಆ ಬಳೆ ಬಿಡಿಸಿಕೊಂಡು ತಂದ ದಿನ ಅಪ್ಪ ಹೇಳಿದ ಮಾತು ಯಾವ ಹಣಕಾಸು ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. "ನಿಂದು ಸಂಬ್ಳ ಅಲ್ಲ ಕಣ್ಲಾ, ಬೆಳೆ. ಕಬ್ಬಿನ್ ಬಿಲ್ ಬಂದಾಗ ನಾವ್ ಮೊದ್ಲು ಏನ್ ಮಾಡ್ತೀವಿ?" ಮೊದಲು ವರ್ಷದ ರಾಗಿ ತುಂಬಿಸುತ್ತೇವೆ. ಆಮೇಲೆ ಗೊಬ್ಬರದ ಅಂಗಡಿಯ ಬಾಕಿ, ಆಮೇಲೆ ಬಟ್ಟೆ–ಬರೆ. ಬಿಲ್ಲು ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದಾಗ ಒಟ್ಟಿಗೆ ಬರುತ್ತದೆ, ಮತ್ತೆ ವರ್ಷಗಟ್ಟಲೆ ಬರುವುದಿಲ್ಲ. ಮಂಡ್ಯ ಜಿಲ್ಲೆಯ ಕಬ್ಬು ಬೆಳೆಗಾರನ ಮಗನಿಗೆ ಇದನ್ನು ಹೊರಗಿನವರು ಹೇಳಿಕೊಡಬೇಕಿರಲಿಲ್ಲ.

ಅಲ್ಲಿಂದಾಚೆ ಎರಡು ಬ್ಯಾಂಕ್ ಖಾತೆ. ಶಿಬಿರದ ದುಡ್ಡೆಲ್ಲ ಒಂದಕ್ಕೆ ಬೀಳುತ್ತದೆ, ಅದಕ್ಕೆ ಎಟಿಎಂ ಕಾರ್ಡ್ ಇಟ್ಟುಕೊಂಡಿಲ್ಲ, ಫೋನ್‌ಪೇಗೂ ಜೋಡಿಸಿಲ್ಲ. ಪ್ರತಿ ತಿಂಗಳು ಒಂದನೇ ತಾರೀಕು ಅದರಿಂದ ಇನ್ನೊಂದಕ್ಕೆ 18,000 ತಾನಾಗಿ ಹೋಗುತ್ತದೆ. ಫೆಬ್ರುವರಿಯಲ್ಲಿ 70 ಸಾವಿರ ದುಡಿದರೂ ನನಗೆ ಸಿಗುವುದು 18,000, ಜುಲೈಯಲ್ಲಿ ಏನೂ ದುಡಿಯದಿದ್ದರೂ ಅಷ್ಟೇ. ಮೊದಲ ಖಾತೆ ನಮ್ಮ ರಾಗಿ ವಾಡೆ. ಹಗೇವು ಅಂದರೂ ಸರಿ.

ಈ ವಾಡೆ ಆರು ತಿಂಗಳಿಗೆ ಸಾಕು ಅಂತ ಸಲಹೆಗಾರರು ಹೇಳುತ್ತಾರೆ. ನಮ್ಮ ಕಸುಬಿಗೆ ಹನ್ನೆರಡು ತಿಂಗಳಿನದು ಬೇಕು, ಯಾಕೆಂದರೆ ನಮ್ಮ ಅಪಾಯಗಳು ಬೇರೆಯವು. 2017ರ ಕೊನೆಯಿಂದ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತು ಬೀಳತೊಡಗಿದವು. ಹಕ್ಕಿಜ್ವರವೆಂಬ ಗುಮಾನಿ ಹುಟ್ಟಿತು, ಕೊನೆಗೆ ಗೊತ್ತಾದದ್ದು ಹೊಟ್ಟೆಯ ಜಂತುಹುಳುವಿನ ಕಾಟ. ಅಷ್ಟರಲ್ಲಿ ನನ್ನ ನಾಲ್ಕು ಶಾಲೆಗಳು ಪ್ರವಾಸ ರದ್ದು ಮಾಡಿದ್ದವು. ಭೀಮೇಶ್ವರಿಯಲ್ಲಿ ಮಶೀರ್ ಮೀನು ಹಿಡಿದು ಮತ್ತೆ ಹೊಳೆಗೆ ಬಿಡುವ ಆಟಕ್ಕೆ ಒಂದು ಕಾಲದಲ್ಲಿ ವಿದೇಶಗಳಿಂದ ಬರುತ್ತಿದ್ದರು. ವನ್ಯಧಾಮದೊಳಗೆ ಅದು ಸಲ್ಲದು ಎಂದಾದ ಮೇಲೆ ಆ ಕಸುಬು ಅಲ್ಲಿಗೆ ಮುಗಿಯಿತು. ನಿಯಮ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ನನ್ನ ವಾಡೆಯಲ್ಲಿದ್ದದ್ದು ಏಳು ತಿಂಗಳಿನ ರಾಗಿ. ಎಂಟನೇ ತಿಂಗಳಿನಿಂದ ನೆಂಟರ ಆಲೆಮನೆಯಲ್ಲಿ ಬೆಲ್ಲದ ಲೆಕ್ಕ ಬರೆದೆ. ಬೇಜಾರೇನಿರಲಿಲ್ಲ. ಕೊಪ್ಪರಿಗೆಯ ಪಕ್ಕ ಕೂತು ಲೆಕ್ಕ ಬರೆಯುವುದಕ್ಕೂ ಒಂದು ಸುಖವಿದೆ, ಬೆಲ್ಲವಂತೂ ಪುಕ್ಕಟೆ.

ವಿಮೆಯ ವಿಷಯದಲ್ಲಿ ನಾನು ಪಾಠ ಕಲಿತದ್ದು ಮುತ್ತತ್ತಿಯ ಬಂಡೆಯ ಮೇಲೆ. 2016ರಲ್ಲಿ ಒಬ್ಬ ಹುಡುಗ ನೀರಿನತ್ತ ಓಡಿದ, ಅವನನ್ನು ಹಿಡಿಯಲು ಹೋಗಿ ಪಾಚಿಯ ಮೇಲೆ ಕಾಲಿಟ್ಟೆ. ಹುಡುಗ ಸಿಕ್ಕಿದ, ನನ್ನ ಕಣಕಾಲು ಮುರಿಯಿತು. ಆಸ್ಪತ್ರೆಗೆ 84,000, ಎರಡೂವರೆ ತಿಂಗಳು ಮನೆಯಲ್ಲಿ. ಕರೆಸಿಕೊಂಡಿದ್ದ ಸಂಸ್ಥೆ ಒಂದು ಬುಟ್ಟಿ ಹಣ್ಣು ಕಳಿಸಿತು. ಕೇಳಿದ್ದರೆ ಏನಾದರೂ ಕೊಡುತ್ತಿದ್ದರೇನೋ. ಕೇಳುವುದಕ್ಕೆ ನನ್ನ ಬಳಿ ಒಂದು ಸಾಲಿನ ಕರಾರು ಪತ್ರವೂ ಇರಲಿಲ್ಲ. ಹೊರಾಂಗಣದಲ್ಲಿ ಕೆಲಸ ಮಾಡುವ ಯಾರೇ ಆಗಲಿ, ಮೊದಲು ಆರೋಗ್ಯ ವಿಮೆ ಮಾಡಿಸಿ, ಆಮೇಲೆ ಬೈನಾಕ್ಯುಲರ್ ಕೊಳ್ಳಿ. ಬ್ಯಾಂಕಿನಲ್ಲಿ ಒಂದು ಫಾರಂ ತುಂಬಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಡಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ, 436 ರೂಪಾಯಿಗೆ ಜೀವನ ಜ್ಯೋತಿಯದು ಇನ್ನೊಂದು 2 ಲಕ್ಷದ ಜೀವ ವಿಮೆ. ಇವೇ ಸಾಕೆಂದಲ್ಲ, ಇಷ್ಟೂ ಇಲ್ಲದವರನ್ನು ನೋಡಿದ್ದೇನೆ. ಮನೆಯಲ್ಲಿ ನಿಮ್ಮನ್ನೇ ನಂಬಿದವರಿದ್ದರೆ ಟರ್ಮ್ ಇನ್ಶೂರೆನ್ಸ್ ಬೇಕು. ಮುಪ್ಪಿನ ಕಾಲಕ್ಕೆ ನಾನು ಪಿಪಿಎಫ್ ಆರಿಸಿಕೊಂಡಿದ್ದೇನೆ. ಕಾರಣ ಇಷ್ಟೇ: ಕೆಟ್ಟ ವರ್ಷದಲ್ಲಿ 500 ರೂಪಾಯಿ ಕಟ್ಟಿದರೂ ಖಾತೆ ಉಸಿರಾಡುತ್ತಿರುತ್ತದೆ, ಒಳ್ಳೆಯ ವರ್ಷದಲ್ಲಿ ಒಂದೂವರೆ ಲಕ್ಷದವರೆಗೆ ಹಾಕಬಹುದು. ತಿಂಗಳು ತಿಂಗಳು ಕಟ್ಟಲೇಬೇಕಾದ ಚೀಟಿ ನಮ್ಮಂಥವರಿಗೆ ಆಗಿಬರುವುದಿಲ್ಲ. ಜುಲೈ ತಿಂಗಳ ಕಂತು ಕಟ್ಟಲು ಆಗದೆ ಒಮ್ಮೆ ಊರೊಳಗೆ ತಲೆ ತಗ್ಗಿಸಿ ಓಡಾಡಿದ್ದೇನೆ.

ಇನ್ನೊಂದು ಸೋರಿಕೆ ಟಿಡಿಎಸ್. ದೊಡ್ಡ ಸಂಸ್ಥೆಗಳು ನಮ್ಮ ಶುಲ್ಕದಲ್ಲಿ ಶೇ 10ರಷ್ಟು ಹಿಡಿದುಕೊಂಡೇ ಕೊಡುತ್ತವೆ. ಆದಾಯ ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ಸ್ ಸಲ್ಲಿಸಿ ಅದನ್ನು ವಾಪಸ್ ಪಡೆಯಬಹುದು. "ನನಗೆಲ್ಲಿ ತೆರಿಗೆ ಬಂತು" ಅಂದುಕೊಂಡು ಮೂರು ವರ್ಷ ಸುಮ್ಮನಿದ್ದೆ. ಮಂಡ್ಯದ ಲೆಕ್ಕಪರಿಶೋಧಕರೊಬ್ಬರು 26ಎಎಸ್ ಎಂಬ ತೆರಿಗೆ ಕಡಿತದ ಪಟ್ಟಿ ತೆಗೆದು ತೋರಿಸಿದಾಗ ನನ್ನ ಹೆಸರಿನಲ್ಲಿ 41,000 ಕೂತಿತ್ತು. ಸಲೀಸಾಗಿ ಕೈಗೆ ಬಂದದ್ದು ಕೊನೆಯ ವರ್ಷದ್ದು ಮಾತ್ರ.

ಇಷ್ಟು ಹೇಳುವಾಗ ಯಾರಾದರೂ ಕಾಮೇಗೌಡರ ಹೆಸರು ತೆಗೆದೇ ತೆಗೆಯುತ್ತಾರೆ. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದಲ್ಲಿ ಪ್ರಾಣಿ–ಪಕ್ಷಿಗೆ ನೀರಿಲ್ಲವೆಂದು ಒಂದರ ಮೇಲೊಂದು ಕಟ್ಟೆ ತೋಡಿದವರು. 2020ರ ಜೂನ್‌ನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಅವರ ಹೆಸರು ಹೇಳಿದರು. 2022ರಲ್ಲಿ ತೀರಿಕೊಂಡರು. "ಅವರು ಕುರಿ ಮಾರಿ ಕೆರೆ ಕಟ್ಟಿದರು, ನೀವು ದುಡ್ಡು ದುಡ್ಡು ಅಂತೀರಲ್ಲ" ಎಂದು ಒಬ್ಬ ಮುಖ್ಯೋಪಾಧ್ಯಾಯರು ನನಗೆ ಮುಖಕ್ಕೇ ಹೇಳಿದ್ದಾರೆ. ಕಾಮೇಗೌಡರ ಮುಂದೆ ನಾನು ಏನೂ ಅಲ್ಲ. ಆದರೆ ಆ ಮಾತಿನಲ್ಲೇ ಉತ್ತರವಿದೆ: ಮಾರುವುದಕ್ಕೆ ಅವರಿಗೆ ಕುರಿಗಳಿದ್ದವು. ಕಸುಬು ಕುರಿ ಸಾಕಣೆ, ಕಟ್ಟೆ ಅವರ ಸೇವೆ. ಕಿರುಗಾವಲಿನಲ್ಲಿ ನೂರಾರು ಭತ್ತದ ತಳಿ ಉಳಿಸಿಕೊಂಡು ಬಂದಿರುವ ಸೈಯದ್ ಘನಿ ಖಾನ್ ಅವರನ್ನು ನೋಡಿ. ಅವರ ಸಂಗ್ರಹಾಲಯದ ಬೆನ್ನಿಗೆ ಗದ್ದೆಯಿದೆ, ಮಾವಿನ ತೋಟವಿದೆ. ಕಾಯುವವನಿಗೆ ಕಾಲೂರಲು ನೆಲ ಬೇಕು. ಬೆಳ್ಳೂರಿನಲ್ಲಿ ಗೂಡಿನಿಂದ ಬಿದ್ದ ಮರಿಗಳನ್ನು ಸಾಕುತ್ತಿದ್ದ ಹೆಜ್ಜಾರ್ಲೆ ಬಳಗದ ಹುಡುಗರನ್ನು ಹತ್ತಿರದಿಂದ ಕಂಡಿದ್ದೇನೆ. ಬೇಲಿಯೊಳಗೆ ಬಿಟ್ಟ ಮರಿ, ಕೊಕ್ಕು ಅಗಲಿಸಿದರೆ ಒಂದು ಚೀಲ, ಎಷ್ಟು ಮೀನು ಹಾಕಿದರೂ ಮತ್ತೆ ಅಗಲಿಸುತ್ತದೆ. ಪ್ರೀತಿ ಅವರಲ್ಲಿ ಧಾರಾಳವಾಗಿತ್ತು. ಮೀನನ್ನು ಮಾತ್ರ ಯಾರಾದರೂ ದುಡ್ಡು ಕೊಟ್ಟೇ ತರಬೇಕಿತ್ತು.

ಹಾಗಾಗಿ ಈಗ ನನ್ನ ಒಂದು ಪುಟದ ಕರಾರಿನಲ್ಲಿ ಎಲ್ಲವೂ ಇದೆ: ದಿನದ ಕೂಲಿ, ಓಡಾಟದ ಖರ್ಚು, ಒಬ್ಬನಿಗೆ ಇಪ್ಪತ್ತೈದಕ್ಕಿಂತ ಹೆಚ್ಚು ಮಕ್ಕಳಿಲ್ಲ, ಗಾಯವಾದರೆ ಯಾರ ಹೊಣೆ, ಅರ್ಧ ಹಣ ಮುಂಗಡ. ಮೊದಲ ಸಲ ಇದನ್ನು ಮುಂದಿಟ್ಟಾಗ ಕೈ ನಡುಗಿತ್ತು. ಹನ್ನೊಂದು ಶಾಲೆಗಳಲ್ಲಿ ಮೂರು ಬಿಟ್ಟು ಹೋದವು, ಎಂಟು ಉಳಿದವು. ಸರ್ಕಾರಿ ಶಾಲೆಗಳಿಗೆ ವರ್ಷದಲ್ಲಿ ಹತ್ತು ದಿನ ಪುಕ್ಕಟೆ ಹೋಗುತ್ತೇನೆ. ಅದು ದಾನ, ದಾನವೆಂದೇ ಡೈರಿಯಲ್ಲಿ ಬರೆದಿಡುತ್ತೇನೆ. ದಾನಕ್ಕೂ ದುಡಿಮೆಗೂ ಒಂದೇ ಪುಟ ಮಾಡಿಕೊಂಡಿದ್ದೇ ನನ್ನ ಹಳೆಯ ತಪ್ಪು.

ಹಿಂದೊಮ್ಮೆ ಒಂದು ಸಂಸ್ಥೆಗೆ ಐದು ಶಿಬಿರ ಮಾಡಿಕೊಟ್ಟು 62,000 ರೂಪಾಯಿಗೆ ಎಂಟು ತಿಂಗಳು ಅಲೆದೆ. ಅದೇ ಶಿಬಿರಗಳಲ್ಲಿ ಬಸ್ಸಿನ ಬಾಡಿಗೆ ಸಂಜೆಯೇ ಕೈಗೆ ಬೀಳುತ್ತಿತ್ತು, ವಾಪಸ್ ಹೋಗುವಾಗ ಕೊಂಡ ಮದ್ದೂರು ವಡೆಯ ಬಿಲ್ಲು ನಿಂತಲ್ಲೇ ಚುಕ್ತಾ ಆಗುತ್ತಿತ್ತು. ಮಕ್ಕಳನ್ನು ಕರೆತರುವ ಶಾಲೆಗಳವರಲ್ಲಿ ಹಾಗಾಗಿ ನನ್ನದೊಂದೇ ಕೋರಿಕೆ: ಬಸ್ಸಿನವರಿಗೆ ದುಡ್ಡು ಕೊಡುವ ದಿನವೇ ಹಕ್ಕಿ ತೋರಿಸಿದವರಿಗೂ ಕೊಟ್ಟುಬಿಡಿ.