ಕುರ್ಟ್ ಟುಖೋಲ್ಸ್ಕಿಯ ವಿದ್ಯಾರ್ಥಿ ಜೀವನ

1933ರಲ್ಲಿ ನಾತ್ಸಿಗಳು ಬೆಂಕಿಗೆಸೆದ ಗ್ರಂಥಗಳಲ್ಲಿ ಕುರ್ಟ್ ಟುಖೋಲ್ಸ್ಕಿಯವೂ ಇದ್ದವು. ಈ ವಿಡಂಬನಕಾರನ ಲೇಖನಿ ಹರಿತವಾದುದು ಎಲ್ಲಿ ಎಂಬುದನ್ನು ನಾವು ನೋಡೋಣ.

ಅವನು 1890ರ ಜನವರಿ 9ರಂದು ಬರ್ಲಿನ್ನಿನ ಯೆಹೂದಿ ಮನೆತನವೊಂದರಲ್ಲಿ ಜನಿಸಿದನು. ತಂದೆಯದು ಬ್ಯಾಂಕಿನ ಉದ್ಯೋಗ. ಆತನಿಗೆ ವರ್ಗವಾದುದರಿಂದ ಬಾಲ್ಯ ಶ್ಟೆಟಿನ್ ಪಟ್ಟಣದಲ್ಲಿ ಕಳೆಯಿತು. 1899ರಲ್ಲಿ ಬರ್ಲಿನ್ನಿಗೆ ಮರಳಿ ಫ್ರೆಂಚ್ ಗಿಮ್ನಾಸಿಯಮ್ ಸೇರಿದನು. (ಜರ್ಮನರ ಗಿಮ್ನಾಸಿಯಮ್ ಗರಡಿಮನೆಯಲ್ಲ, ಪ್ರೌಢಶಾಲೆ!) 1905ರಲ್ಲಿ ತಂದೆ ತೀರಿಕೊಂಡನು.

1907ರಲ್ಲಿ 'ಉಲ್ಕ್' ಎಂಬ ಹಾಸ್ಯಪತ್ರಿಕೆ ಈ ಹುಡುಗನ ಪುಟ್ಟ ಕಥೆಯೊಂದನ್ನು ಅಚ್ಚುಹಾಕಿತು. ಚಕ್ರವರ್ತಿಯೊಬ್ಬನ ಬಳಿ ಕೊಳಲೊಂದಿತ್ತು. ಅದರ ರಂಧ್ರದಲ್ಲಿ ಇಣುಕಿದರೆ ನವ್ಯ ಕಲೆಯ ಲೋಕವೇ ಕಾಣುತ್ತಿತ್ತು. ಚಕ್ರವರ್ತಿ ಮಾಡಿದ್ದೇನು? ಅದನ್ನು ಊದಿದನು, ಅಷ್ಟೇ. ಜರ್ಮನ್ ನುಡಿಯಲ್ಲಿ ಆ ಮಾತಿಗೆ 'ಲೆಕ್ಕಕ್ಕಿಡಲಿಲ್ಲ' ಎಂಬ ಅರ್ಥವೂ ಉಂಟು. ನವ್ಯಕಲೆಯನ್ನು ಹೀಗಳೆಯುತ್ತಿದ್ದ ಕೈಸರ್ ಎರಡನೆಯ ವಿಲ್ಹೆಲ್ಮನಿಗೇ ಆ ಏಟು! ಬರೆದವನಿಗೆ ಇನ್ನೂ ಹದಿನೇಳು.

ಅದೇ ವರ್ಷ ಶಾಲೆ ತೊರೆದು, ಮನೆಪಾಠದಿಂದ ಸಿದ್ಧನಾಗಿ, 1909ರಲ್ಲಿ ಖಾಸಗಿ ಅಭ್ಯರ್ಥಿಯಾಗಿ ಪ್ರೌಢಶಾಲಾಂತ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾದನು. ಬರ್ಲಿನ್, ಜಿನೀವಾಗಳಲ್ಲಿ ಕಾನೂನು ಓದಿದನು. ಅಡಮಾನದ ಕಾನೂನನ್ನು ಕುರಿತ ಅವನ ಪ್ರಬಂಧವನ್ನು ಯೇನಾ ವಿಶ್ವವಿದ್ಯಾಲಯ ಮೊದಲು ತಿರಸ್ಕರಿಸಿತು. ತಿದ್ದಿ ಒಪ್ಪಿಸಿದ ಮೇಲೆ 1915ರಲ್ಲಿ ಡಾಕ್ಟರೇಟ್ ಲಭಿಸಿತು. ವಕೀಲಿಯನ್ನು ಮಾತ್ರ ಅವನು ಹಿಡಿಯಲಿಲ್ಲ.