ಮೆದುಳಿನ ಗಡ್ಡೆ ಮತ್ತು ಜೀವಕೋಶದ ಬಾಗಿಲುಗಳು

ನಮ್ಮ ಪ್ರತಿಯೊಂದು ಜೀವಕೋಶದ ಸುತ್ತಲೂ ತೆಳುವಾದ ಪೊರೆಯಿದೆ. ಸೋಡಿಯಂ, ಪೊಟ್ಯಾಶಿಯಂ, ಕ್ಯಾಲ್ಸಿಯಂ, ಕ್ಲೋರೈಡ್‌ನಂತಹ ಲವಣಾಂಶಗಳು ಈ ಪೊರೆಯನ್ನು ಸುಲಭವಾಗಿ ದಾಟಲಾರವು. ಅವು ಒಳಗೆ ಹೊರಗೆ ಹೋಗಲು ಪ್ರೋಟೀನ್‌ನಿಂದಾದ ಪುಟ್ಟ ಬಾಗಿಲುಗಳಿವೆ. ಇವುಗಳಿಗೆ ಅಯಾನ್ ಚಾನೆಲ್ ಎನ್ನುತ್ತಾರೆ.

ಗ್ಲಯೋಬ್ಲಾಸ್ಟೊಮಾ ಎಂಬುದು ಮೆದುಳಿನ ಕ್ಯಾನ್ಸರ್‌ಗಳಲ್ಲಿ ಅತ್ಯಂತ ಉಗ್ರವಾದುದು. ಆಪರೇಷನ್ ಮಾಡಿ ಕಂಡಷ್ಟನ್ನೂ ತೆಗೆದರೂ ಅದು ಸಾಮಾನ್ಯವಾಗಿ ಮರಳಿ ಬೆಳೆಯುತ್ತದೆ. ಡಾಕ್ಟರು ಸರಿಯಾಗಿ ತೆಗೆಯಲಿಲ್ಲವೇನೋ ಎಂದು ಮನೆಯವರು ನೊಂದುಕೊಳ್ಳುವುದುಂಟು. ವಾಸ್ತವದಲ್ಲಿ ಆಪರೇಷನ್‌ಗೆ ಮೊದಲೇ ಕೆಲವು ಕೋಶಗಳು ಗಡ್ಡೆಯಿಂದ ದೂರ ಸರಿದಿರುತ್ತವೆ. ಮೆದುಳಿನೊಳಗಿನ ಸಂದುಗಳು ಬಹಳ ಇಕ್ಕಟ್ಟು. ಗಡ್ಡೆಯ ಕೋಶವು ಕ್ಲೋರೈಡ್ ಮತ್ತು ಪೊಟ್ಯಾಶಿಯಂ ಬಾಗಿಲುಗಳನ್ನು ತೆರೆದು ಲವಣಾಂಶವನ್ನು ಹೊರಬಿಡುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಉಪ್ಪು ಹಾಕಿದ ಮಾವಿನಕಾಯಿ ಹೋಳು ನೀರು ಬಿಟ್ಟು ಮುದುಡುವುದನ್ನು ನೀವು ನೋಡಿರುತ್ತೀರಿ. ಹಾಗೆಯೇ ಕುಗ್ಗಿದ ಕೋಶ ಸಂದಿನಲ್ಲಿ ನುಸುಳುತ್ತದೆ. ಒಂದು ಜಾತಿಯ ಚೇಳಿನ ವಿಷದಲ್ಲಿರುವ ಕ್ಲೋರೋಟಾಕ್ಸಿನ್ ಎಂಬ ಅಂಶ ಈ ನುಸುಳುವಿಕೆಯನ್ನು ಕುಂಠಿತಗೊಳಿಸುವುದು ಪ್ರಯೋಗಾಲಯದಲ್ಲಿ ಕಂಡುಬಂದಿದೆ. (ಹಾಗೆಂದು ಚೇಳು ಕುಟುಕಿದರೆ ಗಡ್ಡೆ ಕರಗದು!)

2019ರಲ್ಲಿ ಅಮೆರಿಕ ಮತ್ತು ಜರ್ಮನಿಯ ವಿಜ್ಞಾನಿಗಳು ಇನ್ನೂ ಅಚ್ಚರಿಯ ವಿಷಯವನ್ನು ತಿಳಿಸಿದರು. ಮೆದುಳಿನ ನರಕೋಶಗಳು ಪರಸ್ಪರ ಜೋಡಣೆಯಾಗುವಂತೆಯೇ ಗಡ್ಡೆಯ ಕೋಶಗಳೊಂದಿಗೂ ಜೋಡಣೆಯಾಗುತ್ತವೆ. ನರಕೋಶ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಿಟ್ಟಾಗ ಗಡ್ಡೆಯ ಕೋಶದ ಬಾಗಿಲು ತೆರೆದು ವಿದ್ಯುತ್ ಸಂದೇಶ ಒಳಸೇರುತ್ತದೆ. ಅದು ಗಡ್ಡೆಯ ಬೆಳವಣಿಗೆಗೆ ಪ್ರಚೋದನೆ ನೀಡುತ್ತದೆ. ಈ ಬಾಗಿಲನ್ನು ತಡೆಯುವ ಪೆರಂಪನೆಲ್ ಎಂಬ ಅಪಸ್ಮಾರದ ಔಷಧಿಯಿಂದ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿತು. ಇಲಿಗೆ ಹಿಡಿಸಿದ ಮದ್ದು ಮನುಷ್ಯನಿಗೂ ಹಿಡಿಸಬೇಕೆಂದಿಲ್ಲ. ಮೊಬೈಲಿನಲ್ಲಿ ಬಂದ ಸಂದೇಶ ನಂಬಿ ಮೆಡಿಕಲ್ ಶಾಪಿಗೆ ಓಡಬೇಡಿ.

ಗಡ್ಡೆಯ ಕೋಶಗಳೂ ಗ್ಲುಟಮೇಟ್ ಹೊರಸೂಸುತ್ತವೆ. ಅದರಿಂದ ಸುತ್ತಲಿನ ನರಕೋಶಗಳು ಕೆರಳಿ ಫಿಟ್ಸ್ ಬರಬಹುದು. ಫಿಟ್ಸ್ ಬಂದವರಿಗೆಲ್ಲ ಗಡ್ಡೆ ಇರುವುದಿಲ್ಲ. ಆದರೆ ಹಿಂದೆಂದೂ ಇಲ್ಲದೆ ದೊಡ್ಡವರಲ್ಲಿ ಮೊದಲ ಬಾರಿ ಫಿಟ್ಸ್ ಕಾಣಿಸಿದರೆ, ಮುಂಜಾನೆ ತಲೆನೋವಿನೊಂದಿಗೆ ವಾಂತಿಯಾಗುತ್ತಿದ್ದರೆ, ಒಂದು ಬದಿಯ ಕೈಕಾಲು ಸೋಲುತ್ತಿದ್ದರೆ, ಗಾಳಿ ಸೋಕಿದೆಯೆಂದು ಊದಿಸಿಕೊಂಡು ಬರುವುದರಲ್ಲಿ ದಿನ ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಫಿಟ್ಸ್ ಬಂದವರ ಬಾಯಿಗೆ ಚಮಚ ತುರುಕಬೇಡಿ, ಕೈಗೆ ಕಬ್ಬಿಣ ಕೊಡಬೇಡಿ. ಮಗ್ಗುಲಿಗೆ ಮಲಗಿಸಿ.

ಫಿಟ್ಸ್‌ನ ಅನೇಕ ಮಾತ್ರೆಗಳು ಕೆಲಸ ಮಾಡುವುದೂ ಈ ಬಾಗಿಲುಗಳ ಮೇಲೆಯೇ. ಹೊತ್ತು ತಪ್ಪಿದರೆ ಫಿಟ್ಸ್ ಮರುಕಳಿಸಬಹುದು. ರಮಝಾನ್ ಉಪವಾಸಕ್ಕೆ ಮುಂಚೆಯೇ ವೈದ್ಯರನ್ನು ಕಂಡು, ಉಪವಾಸ ಹಿಡಿಯಬಹುದೇ, ಸಹ್ರಿ ಮತ್ತು ಇಫ್ತಾರ್ ಹೊತ್ತಿಗೆ ಮಾತ್ರೆ ಹೊಂದಿಸಬಹುದೇ ಎಂದು ಕೇಳಿಕೊಳ್ಳಿ.